ಹದಿನೈದು ಮಾತುಗಳ ಭಾಷೆ

ಇಸ್ಪೀಟಿನ ಕಟ್ಟು ಕಂಡೊಡನೆ ಮುಖ ಸಿಂಡರಿಸುವ ಹಿರಿಯರ ಮನೆಯಲ್ಲಿ ಬೆಳೆದವನು ನಾನು. ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಓದಿ ಪಂಡಿತನೆನಿಸಿಕೊಂಡು ಹೈಸ್ಕೂಲು ಸೇರಿದ ಮೇಲೂ ಬಹುಕಾಲ ಎಲೆಯನ್ನು ಕೈಯಲ್ಲಿ ಹಿಡಿದವನಲ್ಲ. ನಡುವಯಸ್ಸಿನಲ್ಲಿ ಒಂದು ಸಂಜೆ ನಮ್ಮ ಶಾಲೆಯ ಗಣಿತದ ಮೇಷ್ಟರು, “ಬನ್ನಿ ಪಂಡಿತರೆ, ಇದು ಜೂಜಲ್ಲ, ವ್ಯಾಕರಣ” ಎಂದು ಹೇಳಿ ಊರಿನ ಕ್ಲಬ್ಬಿಗೆ ಕರೆದುಕೊಂಡು ಹೋದರು. ಜೂಜಲ್ಲವೆಂಬುದು ಅಂದೇ ತಿಳಿಯಿತು. ವ್ಯಾಕರಣವೆಂಬ ಮಾತು ನಿಜವೆಂದು ಮನದಟ್ಟಾಗಲು ಮಾತ್ರ ಕೆಲವು ವರ್ಷಗಳೇ ಹಿಡಿದುವು.

ಅವರು ತೋರಿಸಿದ ಆಟ ಕಾಂಟ್ರಾಕ್ಟ್ ಬ್ರಿಜ್. ೨೦೧೮ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಎಂಬ ಭಾರತದ ಇಬ್ಬರು ಹಿರಿಯರು ಚಿನ್ನದ ಪದಕ ತಂದುದು ಈ ಆಟದಲ್ಲಿಯೇ. ಆಗ ಬರ್ಧನ್ನರಿಗೆ ೬೦ ವರ್ಷ, ಸರ್ಕಾರ್ ಅವರಿಗೆ ೫೬. ಓಟವಿಲ್ಲ, ನೆಗೆತವಿಲ್ಲ, ಕುರ್ಚಿಯ ಮೇಲೆ ಕುಳಿತು ಪದಕ ಗೆಲ್ಲುವುದೆಂದರೇನೆಂದು ಅನೇಕರು ಕೇಳಿದರು. ಉತ್ತರ ಎಲೆಗಳಲ್ಲಿಲ್ಲ, ಎಲೆ ಇಳಿಸುವ ಮುನ್ನ ನಡೆಯುವ ಮಾತಿನಲ್ಲಿದೆ. ಆ ಮಾತಿನ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೇಜಿನ ಸುತ್ತ ನಾಲ್ವರು. ಎದುರುಬದುರು ಕುಳಿತವರು ಜೊತೆಗಾರರು, ಅಕ್ಕಪಕ್ಕದವರು ಎದುರಾಳಿಗಳು. ೫೨ ಎಲೆಗಳನ್ನು ಹಂಚಿದರೆ ಒಬ್ಬೊಬ್ಬರಿಗೆ ೧೩. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಟ್ರಿಕ್ಕು, ಅಂಥವು ೧೩. ಆಟ ಶುರುವಾಗುವ ಮುನ್ನ ಹರಾಜು ನಡೆಯುತ್ತದೆ. ಇಂಥ ರಂಗು ತುರುಫಾದರೆ ನಾವಿಬ್ಬರು ಸೇರಿ ಇಷ್ಟು ಟ್ರಿಕ್ಕು ಗೆಲ್ಲುತ್ತೇವೆಂದು ಸವಾಲು ಕೂಗಬೇಕು. ಮೊದಲ ಆರು ಟ್ರಿಕ್ಕುಗಳು ಲೆಕ್ಕಕ್ಕಿಲ್ಲ. ‘ಒಂದು’ ಎಂದು ಕೂಗಿದರೆ ಏಳು ಗೆಲ್ಲುತ್ತೇವೆಂದು ಅರ್ಥ, ‘ಏಳು’ ಎಂದರೆ ಹದಿಮೂರೂ ನಮ್ಮವೇ ಎಂದು. ರಂಗುಗಳಿಗೆ ಏರುವ ಕ್ರಮವೊಂದಿದೆ: ಕಳಾವರು, ಡೈಮನ್ನು, ಆಟೀನು, ಇಸ್ಪೀಟು, ಎಲ್ಲಕ್ಕೂ ಮೇಲೆ ತುರುಫೇ ಇಲ್ಲದ ಆಟ, ಅದಕ್ಕೆ ನೋಟ್ರಂಪ್ ಎಂದು ಹೆಸರು. ಒಬ್ಬ ಕೂಗಿದ್ದಕ್ಕಿಂತ ಮೇಲಿನದನ್ನೇ ಮುಂದಿನವನು ಕೂಗಬೇಕು. ಹಿಂದಕ್ಕೆ ಹೋಗುವಂತಿಲ್ಲ.

ಈಗ ಮಾತುಗಳನ್ನು ಎಣಿಸೋಣ. ಸಂಖ್ಯೆಗಳು ಏಳು; ರಂಗುಗಳೂ ನೋಟ್ರಂಪೂ ಸೇರಿ ಐದು; ‘ಪಾಸು’, ‘ಡಬಲ್’, ‘ರಿಡಬಲ್’ ಎಂಬ ಮೂರು. ಒಟ್ಟು ೧೫. ಈ ೧೫ ಶಬ್ದಗಳ ಹೊರತು ಜೊತೆಗಾರನೊಡನೆ ಬೇರೆ ಒಂದಕ್ಷರವನ್ನೂ ಆಡುವಂತಿಲ್ಲ. ಇವುಗಳಿಂದ ಕಟ್ಟಬಹುದಾದ ಸವಾಲುಗಳು ೩೫. ಆದರೆ ಒಬ್ಬನ ಕೈಗೆ ಬರಬಹುದಾದ ೧೩ ಎಲೆಗಳ ಜೋಡಣೆಗಳೆಷ್ಟು? ೬೩,೫೦೧ ಕೋಟಿ ೩೫ ಲಕ್ಷ ೫೯ ಸಾವಿರದ ೬೦೦. ಒಂದೊಂದು ಶಬ್ದವೂ ಕೋಟಿಗಟ್ಟಲೆ ಅರ್ಥಗಳನ್ನು ಹೊರಬೇಕು. ಅರ್ಧ ಮಾತ್ರೆ ಉಳಿಸಿದರೆ ವೈಯಾಕರಣನಿಗೆ ಮಗ ಹುಟ್ಟಿದಷ್ಟು ಸಂತೋಷವೆಂದು ನಮ್ಮ ಪಾಠಶಾಲೆಗಳಲ್ಲಿ ಹೇಳುತ್ತಿದ್ದರು. ಬ್ರಿಜ್ಜಿನವರ ಸಂತೋಷವೂ ಇದೇ ಜಾತಿಯದು.

ಈ ಆಟದ ಅಜ್ಜನಾದ ವಿಸ್ಟ್ ಎಂಬ ಆಟದಲ್ಲಿ ಹರಾಜೇ ಇರಲಿಲ್ಲ. ೧೭೪೨ರಲ್ಲಿ ಲಂಡನ್ನಿನ ಎಡ್ಮಂಡ್ ಹಾಯ್ಲ್ ಎಂಬಾತ ಅದರ ಮೇಲೆ ಚಿಕ್ಕದೊಂದು ಪುಸ್ತಕ ಬರೆದು ಹೆಸರುವಾಸಿಯಾದ. ಹಂಚುವವನು ತನ್ನ ಕಡೆಯ ಎಲೆಯನ್ನು ಮಗುಚಿ ತೋರಿಸಿದರೆ ಅದರ ರಂಗೇ ತುರುಫು. ಬಾಯಿಗೆ ಕೆಲಸವಿಲ್ಲದಿದ್ದರೂ ಮನುಷ್ಯ ಸುಮ್ಮನಿರುವನೆ? ಹತ್ತೊಂಬತ್ತನೆಯ ಶತಮಾನದಲ್ಲಿ ಆಟಗಾರರು ಎಲೆಗಳಿಂದಲೇ ಮಾತಾಡತೊಡಗಿದರು. ಅನಾವಶ್ಯಕವಾಗಿ ಮೊದಲು ದೊಡ್ಡ ಎಲೆ, ಆಮೇಲೆ ಚಿಕ್ಕ ಎಲೆ ಇಳಿಸಿದರೆ ‘ತುರುಫು ಆಡು’ ಎಂದು ಜೊತೆಗಾರನಿಗೆ ಸೂಚನೆ. ಹಡಗು ಹೊರಡುವಾಗ ಏರಿಸುವ ಬಾವುಟದ ಹೆಸರನ್ನೇ ಇದಕ್ಕಿಟ್ಟು ‘ಬ್ಲೂ ಪೀಟರ್’ ಎಂದರು. ಎರಡು ಎಲೆಗಳ ಕ್ರಮಕ್ಕೆ ಒಂದು ಅರ್ಥವನ್ನು ಒಪ್ಪಂದದಿಂದ ಹಚ್ಚಿದಂತಾಯಿತು.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಹರಾಜು ಬಂದಿತು. ಆದರೆ ಆ ಆಕ್ಷನ್ ಬ್ರಿಜ್ಜಿನಲ್ಲಿ ಕಡಿಮೆ ಕೂಗಿ ಹೆಚ್ಚು ಗೆದ್ದರೂ ಗೆದ್ದದ್ದೆಲ್ಲವೂ ಲೆಕ್ಕಕ್ಕೆ ಬರುತ್ತಿತ್ತು. ಎರಡು ಎಂದು ಕೂಗಿ ನಾಲ್ಕರ ಫಲ ಉಣ್ಣಬಹುದಾಗಿದ್ದಾಗ ನಾಲ್ಕೆಂದು ಕೂಗುವ ಗೊಡವೆ ಯಾರಿಗೆ ಬೇಕು? ಭಾಷೆಗೆ ನಿಖರತೆ ಬೇಕಿರಲಿಲ್ಲ. ಹೀಗಾಗಿ ಅದು ಬೆಳೆಯಲೂ ಇಲ್ಲ.

ಅದು ಬದಲಾದುದು ೧೯೨೫ರಲ್ಲಿ. ಅಮೆರಿಕದ ಶ್ರೀಮಂತ ಮನೆತನದ ಹೆರಾಲ್ಡ್ ವಾಂಡರ್‌ಬಿಲ್ಟ್ ಎಂಬಾತ ‘ಫಿನ್‌ಲ್ಯಾಂಡ್’ ಎಂಬ ಹಡಗಿನಲ್ಲಿ ಪನಾಮ ಕಾಲುವೆಯ ದಾರಿಯಾಗಿ ಹವಾನಾಕ್ಕೆ ಪ್ರಯಾಣ ಮಾಡುತ್ತಿದ್ದಾಗ ಮೂವರು ಗೆಳೆಯರೊಡನೆ ಹೊಸ ಲೆಕ್ಕವೊಂದನ್ನು ಆಡಿ ನೋಡಿದ. ಎಷ್ಟು ಗೆಲ್ಲುತ್ತೇವೆಂದು ಕರಾರು ಮಾಡಿದ್ದೇವೋ ಅಷ್ಟು ಮಾತ್ರ ‘ಗೇಮ್’ ಲೆಕ್ಕಕ್ಕೆ ಸೇರಬೇಕು. ಫ್ರಾನ್ಸಿನ ‘ಪ್ಲಾಫೋಂ’ ಎಂಬ ಆಟದಲ್ಲಿ ಈ ನಿಯಮ ಆಗಲೇ ಇತ್ತು. ವಾಂಡರ್‌ಬಿಲ್ಟ್ ಅದಕ್ಕೆ ಸಮತೂಕದ ಅಂಕಗಳನ್ನೂ ದೊಡ್ಡ ಕರಾರುಗಳಿಗೆ ದೊಡ್ಡ ಬಹುಮಾನವನ್ನೂ ಜೋಡಿಸಿದ. ಗೇಮ್ ಆಗಲು ೧೦೦ ಅಂಕ ಬೇಕು. ನೋಟ್ರಂಪಿನಲ್ಲಿ ಮೂರು ಕೂಗಿದರೆ ಸಾಕು. ಆಟೀನು, ಇಸ್ಪೀಟುಗಳಲ್ಲಿ ನಾಲ್ಕು. ಕಳಾವರು, ಡೈಮನ್ನುಗಳಲ್ಲಿ ಐದು. ಕೇಳದೆ ಬಂದ ಟ್ರಿಕ್ಕಿಗೆ ಪುಡಿಗಾಸು. ಕೇಳಿ ತಪ್ಪಿದರೆ ದಂಡ. ಆದುದರಿಂದ ಎಲೆ ಇಳಿಸುವ ಮೊದಲೇ ಇಬ್ಬರ ೨೬ ಎಲೆಗಳಲ್ಲಿ ಏನಿದೆಯೆಂದು ಇಬ್ಬರೂ ತಿಳಿಯಬೇಕಾಯಿತು. ಭಾಷೆಯನ್ನು ಕಟ್ಟಲೇಬೇಕಾಯಿತು.

ಮೊದಲ ವ್ಯಾಕರಣವನ್ನು ಬರೆದವನೂ ವಾಂಡರ್‌ಬಿಲ್ಟನೇ. ೧೯೨೯ರಲ್ಲಿ ಪ್ರಕಟವಾದ ಆತನ ಪದ್ಧತಿಯಲ್ಲಿ ‘ಒಂದು ಕಳಾವರು’ ಎಂದರೆ ಕೈಯಲ್ಲಿ ಕಳಾವರಿದೆ ಎಂದರ್ಥವಲ್ಲ. ‘ನನ್ನ ಕೈ ಬಲವಾಗಿದೆ, ಜೊತೆಗಾರನೆ, ಸುಮ್ಮನಾಗಬೇಡ’ ಎಂದರ್ಥ. ಜೊತೆಗಾರ ಬಡವನಾಗಿದ್ದರೆ ‘ಒಂದು ಡೈಮನ್ನು’ ಎನ್ನಬೇಕು. ಅದಕ್ಕೂ ಡೈಮನ್ನಿಗೂ ಸಂಬಂಧವಿಲ್ಲ. ಅನೇಕರಿಗೆ ಇದು ವಿಪರೀತವಾಗಿ ಕಂಡಿತು. ಆದರೆ ಒಳಗಿರುವ ಯುಕ್ತಿಯನ್ನು ನೋಡಿ. ಒಂದು ಕಳಾವರಿನಿಂದ ಮೂರು ನೋಟ್ರಂಪಿನವರೆಗೆ ೧೫ ಮೆಟ್ಟಿಲುಗಳಿವೆ. ಬಲವಾದ ಕೈಗೆ ಗುರಿ ದೂರ, ಕೇಳಿ ತಿಳಿಯಬೇಕಾದುದು ಹೆಚ್ಚು. ಅದು ಎರಡು ಕಳಾವರಿನಿಂದ ಹೊರಟರೆ ಬಾಯಿ ತೆರೆಯುವ ಮುನ್ನವೇ ಐದು ಮೆಟ್ಟಿಲು ಹಾಳಾಯಿತು. ಹೆಚ್ಚು ಮಾತಾಡಬೇಕಾದವನು ಕೆಳಗಿನ ಮೆಟ್ಟಿಲಿನಿಂದ ಹೊರಡಬೇಕು: ಇದು ಮೊದಲ ಸೂತ್ರ. ಜಾಗವೇ ಇಲ್ಲಿ ಹಣ. ಅದನ್ನು ಎಲ್ಲಿ ಖರ್ಚು ಮಾಡಬೇಕೆಂಬುದೇ ಪದ್ಧತಿ ಕಟ್ಟುವವನ ಚಿಂತೆ.

ವಾಂಡರ್‌ಬಿಲ್ಟನ ಪದ್ಧತಿ ಅಂದು ಮನೆಮನೆಗೆ ಹೋಗಲಿಲ್ಲ. ಹೋದದ್ದು ಈಲೈ ಕಲ್ಬರ್ಟ್‌ಸನ್ನನದು. ೧೯೩೦ರಲ್ಲಿ ಆತ ‘ಬ್ಲೂ ಬುಕ್’ ಎಂಬ ಗ್ರಂಥವನ್ನು ಹೊರಡಿಸಿದ. ಆತನ ಮತದಲ್ಲಿ ಕಳಾವರೆಂದರೆ ಕಳಾವರೇ. ಇದ್ದ ರಂಗನ್ನು ಮೆಲ್ಲನೆ ಕೆಳಗಿನಿಂದ ಹೇಳುತ್ತ ಒಬ್ಬರನ್ನೊಬ್ಬರು ಸಮೀಪಿಸಬೇಕು. ಕೆಲವು ಕೂಗುಗಳಿಗೆ ಜೊತೆಗಾರ ಪಾಸು ಹೇಳಕೂಡದು. ಈ ಎರಡನೆಯ ಕಟ್ಟಳೆ ಬಹು ಮುಖ್ಯವಾದುದು. ನಾನು ಹೇಳಿದ್ದು ಪೂರ್ಣವಾಕ್ಯವೋ, ಇನ್ನೂ ಕ್ರಿಯಾಪದ ಬರಬೇಕಾದ ಅಪೂರ್ಣವಾಕ್ಯವೋ ಎಂಬುದು ಕೇಳುವವನಿಗೆ ಸಂದೇಹವಿಲ್ಲದೆ ತಿಳಿಯಬೇಕು. ನಾನು ವಾಕ್ಯದ ನಡುವೆ ಉಸಿರು ತೆಗೆದುಕೊಳ್ಳುವಾಗ ಆತ ಚಪ್ಪಾಳೆ ತಟ್ಟಿ ಎದ್ದುಹೋದರೆ ಗತಿಯೇನು?

ಕಲ್ಬರ್ಟ್‌ಸನ್ ಬರಿಯ ಗ್ರಂಥಕಾರನಲ್ಲ, ದಿಗ್ವಿಜಯಕ್ಕೆ ಹೊರಟ ವಾದಿ. ಇಂಗ್ಲೆಂಡಿನ ಲೆಫ್ಟಿನೆಂಟ್ ಕರ್ನಲ್ ವಾಲ್ಟರ್ ಬುಲ್ಲರ್, ಸಂಕೇತಗಳ ಗೊಡವೆಯೇ ಬೇಡ, ಸಾಮಾನ್ಯ ಬುದ್ಧಿಯೊಂದಿದ್ದರೆ ಸಾಕೆನ್ನುವ ಪಕ್ಷದವನು. ೧೯೩೦ರಲ್ಲಿ ಲಂಡನ್ನಿನಲ್ಲಿ ಇಬ್ಬರ ತಂಡಗಳೂ ೨೦೦ ಹಂಚಿಕೆ ಆಡಿದುವು. ಕಲ್ಬರ್ಟ್‌ಸನ್ನನ ತಂಡ ೪,೮೪೫ ಅಂಕಗಳಿಂದ ಗೆದ್ದಿತು. ಮರುವರ್ಷ ಅಮೆರಿಕದಲ್ಲಿಯೇ ಪ್ರತಿಪಕ್ಷ ಎದ್ದಿತು. ಹಳೆಯ ಪರಿಣತರು ಸೇರಿ ‘ಅಫಿಷಿಯಲ್ ಸಿಸ್ಟಮ್’ ಎಂಬ ಪದ್ಧತಿಯನ್ನು ಸಾರಿದರು. ಅವರ ಪರವಾಗಿ ಸಿಡ್ನಿ ಲೆನ್ಸ್ ಕಣಕ್ಕಿಳಿದ. ಆಸ್ವಾಲ್ಡ್ ಜಾಕೊಬಿ ಆತನ ಜೊತೆಗಾರ. ಕಲ್ಬರ್ಟ್‌ಸನ್ನನ ಎದುರಿಗೆ ಹೆಚ್ಚಾಗಿ ಕುಳಿತವಳು ಆತನ ಪತ್ನಿ ಜೋಸೆಫಿನ್. ೧೯೩೧ರ ಡಿಸೆಂಬರಿನಿಂದ ೧೯೩೨ರ ಜನವರಿಯವರೆಗೆ ನ್ಯೂಯಾರ್ಕಿನ ಹೋಟೆಲುಗಳಲ್ಲಿ ೧೫೦ ರಬ್ಬರುಗಳ ಕಾಳಗ ನಡೆಯಿತು. ಪತ್ರಿಕೆಗಳು ಯುದ್ಧವಾರ್ತೆಯಂತೆ ದಿನದಿನವೂ ಬರೆದುವು. ಕಡೆಗೆ ಕಲ್ಬರ್ಟ್‌ಸನ್ನನಿಗೆ ೮,೯೮೦ ಅಂಕಗಳ ಗೆಲುವು. ಅದಕ್ಕಿಂತಲೂ ನನಗೆ ಪಾಠವೆನಿಸಿದುದು ಇನ್ನೊಂದು ಸಂಗತಿ: ಕಾಳಗದ ನಡುವೆಯೇ ಲೆನ್ಸನಿಗೂ ಜಾಕೊಬಿಗೂ ಮನಸ್ತಾಪವಾಗಿ ಜಾಕೊಬಿ ಎದ್ದುಹೋದ. ಇಬ್ಬರೂ ದಿಗ್ಗಜರು; ಆದರೆ ಪರಸ್ಪರರ ಮಾತನ್ನು ನಂಬಲಾರದೆ ಹೋದರು. ಜೊತೆಗಾರರಿಗೆ ನಂಬಿಕೆಯಿಲ್ಲದಿದ್ದರೆ ಪದ್ಧತಿ ಎಷ್ಟು ಸೊಗಸಾಗಿದ್ದರೇನು?

ಇಂಗ್ಲೆಂಡಿನವರು ಸೋಲಿನಿಂದ ಕಲಿತರು. ೧೯೩೦ರ ದಶಕದಲ್ಲಿ ಲಂಡನ್ನಿನ ಏಕಲ್ ರಸ್ತೆಯ ಒಂದು ಕ್ಲಬ್ಬಿನಲ್ಲಿ ಆಡುತ್ತಿದ್ದ ಜಾಕ್ ಮಾರ್ಕ್ಸ್, ಎಸ್. ಜೆ. ಸೈಮನ್ ಮೊದಲಾದ ತರುಣರು ಆ ರಸ್ತೆಯ ಹೆಸರಿನದೇ ಪದ್ಧತಿಯನ್ನು ರೂಪಿಸಿದರು. ಅದರ ಜೀವಾಳ ಮಿತಿಯುಳ್ಳ ಸವಾಲು. ‘ನನ್ನಲ್ಲಿ ಇಷ್ಟಿದೆ, ಇದಕ್ಕಿಂತ ಕಡಿಮೆಯಿಲ್ಲ, ಹೆಚ್ಚೂ ಇಲ್ಲ’ ಎಂದು ಒಬ್ಬ ಒಂದೇ ಕೂಗಿನಲ್ಲಿ ಹೇಳಿಬಿಡಬೇಕು. ಆಮೇಲೆ ಕೂಡಿಸಿ ನೋಡಿ ತೀರ್ಮಾನಿಸುವುದು ಇನ್ನೊಬ್ಬನ ಕೆಲಸ. ಇಬ್ಬರೂ ವರ್ಣಿಸುತ್ತ ಹೋದರೆ ಮಾತು ಮುಗಿಯದು. ಇಬ್ಬರೂ ಅಪ್ಪಣೆ ಕೊಡತೊಡಗಿದರೆ ಜಗಳ. ಒಬ್ಬ ಹೇಳಬೇಕು, ಒಬ್ಬ ನಿರ್ಣಯಿಸಬೇಕು. ಸಂಸಾರಕ್ಕೂ ಸಲ್ಲುವ ಸೂತ್ರವಿದು.

ಇನ್ನು ಅಳತೆಯ ವಿಷಯ. ಕಲ್ಬರ್ಟ್‌ಸನ್ ಬಲವನ್ನು ಟ್ರಿಕ್ಕುಗಳ ಪೂರ್ಣಾಂಕ, ಅರ್ಧಾಂಕಗಳಿಂದ ಅಳೆಯುತ್ತಿದ್ದ. ಒಂದೇ ರಂಗಿನ ಎಕ್ಕ, ರಾಜ ಸೇರಿದರೆ ಎರಡು. ಎಕ್ಕ, ರಾಣಿ ಸೇರಿದರೆ ಒಂದೂವರೆ. ಸಾಮಾನ್ಯರಿಗೆ ಇದು ತಲೆನೋವು. ಎಕ್ಕಕ್ಕೆ ೪, ರಾಜನಿಗೆ ೩, ರಾಣಿಗೆ ೨, ಗುಲಾಮನಿಗೆ ೧ ಎಂಬ ಸುಲಭವಾದ ಲೆಕ್ಕವೊಂದು ಮೊದಲೇ ಬಳಕೆಯಲ್ಲಿತ್ತು. ಫಿಲಡೆಲ್ಫಿಯದ ವಕೀಲ ಚಾರ್ಲ್ಸ್ ಗೋರೆನ್ ೧೯೪೯ರ ತನ್ನ ಪುಸ್ತಕದಿಂದ ಅದನ್ನು ಎಲ್ಲರ ಬಾಯಲ್ಲಿಯೂ ನಿಲ್ಲಿಸಿದ. ಕೈಯಲ್ಲಿ ಒಂದು ರಂಗೇ ಇಲ್ಲದಿದ್ದರೆ ೩, ಒಂದೇ ಎಲೆಯಿದ್ದರೆ ೨, ಎರಡಿದ್ದರೆ ೧ ಎಂದು ಸೇರಿಸಿಕೊಳ್ಳುವುದನ್ನೂ ಕಲಿಸಿದ. ಕಟ್ಟಿನಲ್ಲಿರುವ ದೊಡ್ಡ ಎಲೆಗಳ ಬೆಲೆ ಒಟ್ಟು ೪೦. ಇಬ್ಬರಿಗೂ ಸೇರಿ ಸುಮಾರು ೨೬ ಇದ್ದರೆ ಗೇಮಿಗೆ ಹೋಗು, ೩೩ ಇದ್ದರೆ ಹನ್ನೆರಡು ಟ್ರಿಕ್ಕಿಗೆ, ೩೭ ಇದ್ದರೆ ಹದಿಮೂರಕ್ಕೂ ಹೋಗು. ಇದಕ್ಕಿಂತ ಸೂಕ್ಷ್ಮವಾದ ತಕ್ಕಡಿಗಳು ಇಲ್ಲದಿಲ್ಲ. ಆದರೆ ಬಳಸುವವನ ತಲೆಗೆ ಭಾರವಾಗದ ತಕ್ಕಡಿಯೇ ಸಂತೆಯಲ್ಲಿ ಉಳಿಯುತ್ತದೆ. ಮರೆತುಹೋಗುವ ಸೂತ್ರ ಸೂತ್ರವೇ ಅಲ್ಲ.

ವರ್ಣನೆಯ ಜೊತೆಗೆ ಪ್ರಶ್ನೆಗಳೂ ಹುಟ್ಟಿದುವು. ಇಂಡಿಯಾನಾಪೊಲಿಸ್ ಊರಿನ ವಿಮಾ ಕಚೇರಿಯ ಈಸ್ಲಿ ಬ್ಲ್ಯಾಕ್‌ವುಡ್ ೧೯೩೩ರಲ್ಲಿ ‘ನಾಲ್ಕು ನೋಟ್ರಂಪ್’ ಎಂಬ ಕೂಗಿಗೆ ‘ನಿನ್ನಲ್ಲಿ ಎಕ್ಕಗಳೆಷ್ಟು?’ ಎಂಬ ಅರ್ಥ ಕೊಟ್ಟ. ಒಂದೂ ಇಲ್ಲದಿದ್ದರೆ ಐದು ಕಳಾವರು, ಒಂದಿದ್ದರೆ ಐದು ಡೈಮನ್ನು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಉತ್ತರ. ೧೯೪೫ರಲ್ಲಿ ಸ್ಯಾಮ್ ಸ್ಟೇಮನ್ ಪ್ರಕಟಿಸಿದ ಸಂಕೇತವೊಂದರಲ್ಲಿ, ಜೊತೆಗಾರ ಒಂದು ನೋಟ್ರಂಪ್ ಎಂದ ಮೇಲೆ ‘ಎರಡು ಕಳಾವರು’ ಎಂದರೆ ‘ಆಟೀನಾಗಲಿ ಇಸ್ಪೀಟಾಗಲಿ ನಾಲ್ಕು ಎಲೆ ಇವೆಯೇ?’ ಎಂದು ಪ್ರಶ್ನೆ. ಎರಡು ಕಳಾವರಿನ ಆಟವನ್ನೇ ಆಡಬೇಕಾದ ಪ್ರಸಂಗ ಅಪರೂಪ. ಪ್ರಶ್ನೆಯ ಅಗತ್ಯ ಪದೇಪದೇ ಬರುವಂಥದು. ಸಹಜಾರ್ಥದಲ್ಲಿ ಉಪಯೋಗವಿಲ್ಲದ ಶಬ್ದಕ್ಕೆ ಉಪಯೋಗವುಳ್ಳ ಪಾರಿಭಾಷಿಕ ಅರ್ಥವನ್ನು ಕೊಡುವುದು ಇಲ್ಲಿನ ನ್ಯಾಯ. ಇದೇ ನ್ಯಾಯದಿಂದ ಮುಂದೆ ಅನೇಕರು ‘ಎರಡು’ ಮಟ್ಟದ ಸವಾಲನ್ನು ಮಹಾಬಲವುಳ್ಳ ಕೈಗೆ ಮೀಸಲಿಡುವುದನ್ನು ಬಿಟ್ಟರು. ಅಂಥ ಕೈ ಬರುವುದು ಯಾವಾಗಲೋ ಒಮ್ಮೆ. ಬಲವಿಲ್ಲದೆ ಒಂದೇ ರಂಗಿನ ಆರು ಎಲೆಗಳಿರುವ ಕೈ ಮೇಲಿಂದ ಮೇಲೆ ಬರುತ್ತದೆ. ಅದರಿಂದ ಎರಡು ಎಂದು ಎಗರಿದರೆ ಎದುರಾಳಿಗಳು ಮಾತಾಡಬೇಕಾದ ಮೆಟ್ಟಿಲುಗಳನ್ನು ಕಿತ್ತುಕೊಂಡಂತಾಗುತ್ತದೆ. ನಮ್ಮ ಮಾತಿಗೆ ಜಾಗ ಉಳಿಸಿಕೊಳ್ಳುವುದೊಂದು ಕಲೆ, ಅವರ ಮಾತಿಗೆ ಜಾಗವಿಲ್ಲದಂತೆ ಮಾಡುವುದು ಇನ್ನೊಂದು.

ವಾಂಡರ್‌ಬಿಲ್ಟನ ಬೀಜ ಮೊಳೆತುದು ದೂರದ ಇಟಲಿಯಲ್ಲಿ. ನೇಪಲ್ಸಿನ ಯುಜೆನಿಯೊ ಕಿಯಾರಾದಿಯ ಒಂದು ಕಳಾವರನ್ನು ಬಲವಾದ ಕೈಗೆ ಮೀಸಲಿಟ್ಟು, ಎಕ್ಕ, ರಾಜರೆಷ್ಟೆಂಬುದನ್ನು ಜೊತೆಗಾರ ಮೆಟ್ಟಿಲುಗಳಿಂದ ತಿಳಿಸುವ ಪದ್ಧತಿಯನ್ನು ಕಟ್ಟಿದ. ರೋಮಿನವರು ಬೇರೊಂದನ್ನು ಕಟ್ಟಿದರು. ಈ ಪದ್ಧತಿಗಳನ್ನು ಆಡಿದ ಇಟಲಿಯ ‘ನೀಲಿ ತಂಡ’ ೧೯೫೭ರಿಂದ ೧೯೬೯ರವರೆಗೆ ನಡೆದ ಹತ್ತು ಬರ್ಮುಡಾ ಬೌಲ್ ವಿಶ್ವಸ್ಪರ್ಧೆಗಳನ್ನೂ ಗೆದ್ದಿತು. ಚೀನದಲ್ಲಿ ಹುಟ್ಟಿ ಹಡಗಿನ ವ್ಯಾಪಾರದಲ್ಲಿ ಮುಂದೆ ಬಂದ ಸಿ. ಸಿ. ವೈ ಎಂಬಾತ ೧೯೬೦ರ ದಶಕದಲ್ಲಿ ಇದೇ ತತ್ವದ ಮೇಲೆ ‘ಪ್ರಿಸಿಷನ್’ ಪದ್ಧತಿಯನ್ನು ರಚಿಸಿದ. ೧೬ ಅಂಕವೋ ಅದಕ್ಕಿಂತ ಹೆಚ್ಚೋ ಇದ್ದರೆ ಒಂದು ಕಳಾವರು. ಹಾಗಾಗಿ ಒಂದರ ಮಟ್ಟದ ಉಳಿದ ಸವಾಲುಗಳೆಲ್ಲ ತಾವಾಗಿಯೇ ಮಿತಿಗೆ ಒಳಪಟ್ಟುವು. ವಾಂಡರ್‌ಬಿಲ್ಟನ ಸೂತ್ರವೂ ಮಿತಿಯ ಸೂತ್ರವೂ ಒಂದಾದುವು. ಯಾರೂ ಲೆಕ್ಕಕ್ಕಿಟ್ಟಿರದ ತೈವಾನಿನ ತಂಡ ಈ ಪದ್ಧತಿಯೊಡನೆ ೧೯೬೯ರಲ್ಲಿಯೂ ೧೯೭೦ರಲ್ಲಿಯೂ ಬರ್ಮುಡಾ ಬೌಲಿನ ಅಂತಿಮ ಸುತ್ತಿಗೆ ಬಂದು ಎರಡನೆಯ ಸ್ಥಾನ ಪಡೆದಾಗ ಲೋಕವೇ ತಿರುಗಿ ನೋಡಿತು.

ಇಲ್ಲಿಯವರೆಗಿನ ಕಥೆ ಜಾಣ್ಮೆಯದು. ಇನ್ನು ಮುಂದಿನದು ನೀತಿಯದು. ಅಲ್ಲಿಗೆ ಹೋಗುವ ಮುನ್ನ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಒಂದು ಸಂಜೆ ನನ್ನ ಜೊತೆಗಾರರು ಬಹಳ ಹೊತ್ತು ಎಲೆಗಳನ್ನು ನೋಡುತ್ತ ಕುಳಿತು ಕಡೆಗೆ ‘ಪಾಸು’ ಎಂದರು. ಏನೂ ಇಲ್ಲದವರು ಅಷ್ಟು ಯೋಚಿಸುವರೆ? ಅವರ ಕೈ ಬಡವಾಗಿಲ್ಲವೆಂದು ನನಗೆ ಹೊಳೆಯಿತು. ನನ್ನ ಎಲೆಗಳನ್ನು ಮಾತ್ರ ನೋಡಿದ್ದರೆ ಸುಮ್ಮನಿರಬೇಕಾಗಿದ್ದ ನಾನು ಮುಂದಕ್ಕೆ ಕೂಗಿದೆ. ಕರಾರು ಗೆದ್ದಿತು, ನಾನು ಹಿಗ್ಗಿದೆ. ಎದುರಾಳಿಯಾಗಿದ್ದ ಪೋಸ್ಟ್ ಮಾಸ್ತರರು ಜಗಳವಾಡಲಿಲ್ಲ. ಎಲೆಗಳನ್ನು ಕೂಡಿಸುತ್ತ ಮೆಲ್ಲನೆ, “ಪಂಡಿತರೆ, ಆ ಮೌನಕ್ಕೆ ನಿಮ್ಮ ವ್ಯಾಕರಣದಲ್ಲಿ ಯಾವ ಸೂತ್ರ?” ಎಂದರು. ಅಂದು ಮನೆಗೆ ನಡೆದುಬರುವಾಗ ದಾರಿ ಬಹಳ ಉದ್ದವಾಗಿತ್ತು.

ತರಗತಿಯಲ್ಲಿ ನಾನು ಮಕ್ಕಳಿಗೆ ಅಭಿಧೆ, ಲಕ್ಷಣೆ, ವ್ಯಂಜನೆ ಎಂದು ಶಬ್ದಶಕ್ತಿಗಳನ್ನು ಹೇಳಿಕೊಡುತ್ತೇನೆ. ಹೇಳದೆ ಸೂಚಿಸುವ ಧ್ವನಿಯೇ ಕಾವ್ಯದ ಆತ್ಮವೆಂದು ಆನಂದವರ್ಧನನ ಮತ. ಬ್ರಿಜ್ಜಿನ ಮೇಜಿನಲ್ಲಿ ಹಾಗಲ್ಲ. ಅಲ್ಲಿ ಹದಿನೈದು ಶಬ್ದಗಳಿಂದ ಬಂದ ಅರ್ಥ ಮಾತ್ರ ನ್ಯಾಯವಾದ ಸಂಪಾದನೆ. ದನಿಯ ಏರಿಳಿತ, ಹುಬ್ಬಿನ ಚಲನೆ, ತಡಮಾಡಿದ ಉಸಿರು ಇವುಗಳಿಂದ ಬಂದ ಅರ್ಥವನ್ನು ಬಳಸಿಕೊಳ್ಳಕೂಡದೆಂದು ಆಟದ ಕಾನೂನೇ ಹೇಳುತ್ತದೆ.

ಕಾನೂನು ಅಷ್ಟಕ್ಕೇ ನಿಲ್ಲುವುದಿಲ್ಲ. ಜೊತೆಗಾರರು ಒಂದು ಶಬ್ದಕ್ಕೆ ಯಾವ ಅರ್ಥವನ್ನು ಬೇಕಾದರೂ ಕೊಡಬಹುದು. ಆದರೆ ಅದನ್ನು ಎದುರಾಳಿಗಳಿಗೂ ತಿಳಿಸಬೇಕು. ಸ್ಪರ್ಧೆಗಳಲ್ಲಿ ಜೋಡಿಗಳು ತಮ್ಮ ಸಂಕೇತಗಳನ್ನು ಕಾರ್ಡಿನಲ್ಲಿ ಬರೆದು ಮೇಜಿನ ಮೇಲಿಡಬೇಕು; ಕೇಳಿದರೆ ವಿವರಿಸಬೇಕು. ಈ ಕಟ್ಟಳೆ ಎಷ್ಟು ಅಗತ್ಯವೆಂಬುದು ಕಹಿಯಾದ ಅನುಭವದಿಂದ ತಿಳಿಯಿತು. ೧೯೬೫ರಲ್ಲಿ ಬ್ಯೂನಸ್ ಐರಿಸ್ ನಗರದ ವಿಶ್ವಸ್ಪರ್ಧೆಯಲ್ಲಿ ಬ್ರಿಟನ್ನಿನ ಇಬ್ಬರು ಎಲೆ ಹಿಡಿದ ಬೆರಳುಗಳಿಂದ ಸನ್ನೆ ಮಾಡಿದರೆಂದು ಆಪಾದನೆ ಬಂದಿತು. ವಿಶ್ವ ಬ್ರಿಜ್ ಒಕ್ಕೂಟ ಅವರನ್ನು ತಪ್ಪಿತಸ್ಥರೆಂದಿತು. ಇಂಗ್ಲೆಂಡಿನಲ್ಲಿ ನಡೆದ ವಿಚಾರಣೆ ೧೯೬೬ರಲ್ಲಿ ತಪ್ಪು ಸಿದ್ಧವಾಗಿಲ್ಲವೆಂದಿತು. ವಾದ ಇಂದಿಗೂ ತೀರಿಲ್ಲ. ಬಾಯಿಯ ದನಿಯೂ ಬೇಡವೆಂದು ಮುದ್ರಿಸಿದ ಚೀಟಿಗಳ ಪೆಟ್ಟಿಗೆ ಸ್ವೀಡನ್ನಿನಿಂದ ಬಂದಿತು. ಕೂಗುವ ಬದಲು ಚೀಟಿ ತೆಗೆದಿಡುವುದು. ೧೯೭೫ರ ಬರ್ಮುಡಾ ಬೌಲಿನಲ್ಲಿ ಜೊತೆಗಾರರು ಒಬ್ಬರನ್ನೊಬ್ಬರು ನೋಡದಂತೆ ಮೇಜಿನ ನಡುವೆ ತಡಿಕೆ ನಿಲ್ಲಿಸಿದರು. ಆಗ ಕಾಲಿನ ಸನ್ನೆಯ ಆಪಾದನೆ ಎದ್ದು ಮೇಜಿನ ಕೆಳಗೂ ಮರೆ ಮಾಡಬೇಕಾಯಿತು.

ಮುಕ್ತವಾಗಿ ಹೇಳಿದರೂ ಸಾಲದೆನ್ನುವಂಥ ಪದ್ಧತಿಗಳೂ ಬಂದುವು. ಪೋಲೆಂಡ್ ಮೊದಲಾದ ದೇಶಗಳ ಕೆಲವರು ‘ಪಾಸು’ ಎಂದರೆ ಬಲವಾದ ಕೈ, ಸವಾಲು ಕೂಗಿದರೆ ಬಡ ಕೈ ಎಂದು ಲೋಕವನ್ನೇ ತಲೆಕೆಳಗು ಮಾಡಿದರು. ಗಣಿತದ ದೃಷ್ಟಿಯಿಂದ ಅದರಲ್ಲಿ ತಪ್ಪಿಲ್ಲ. ಎಲ್ಲಕ್ಕಿಂತ ಕೆಳಗಿನ ಮಾತು ಪಾಸೇ ತಾನೆ! ವಾಂಡರ್‌ಬಿಲ್ಟನ ಸೂತ್ರವನ್ನು ಕೊನೆಯವರೆಗೆ ಎಳೆದರೆ ಅಲ್ಲಿಗೇ ಹೋಗುತ್ತದೆ. ಆದರೆ ಮೇಜಿಗೆ ಬಂದು ಕುಳಿತ ಮೇಲೆ ಎದುರಾಳಿ ಇದನ್ನು ಎಷ್ಟು ಹೊತ್ತಿನಲ್ಲಿ ಅರಿತು ಎದುರಿಸಬೇಕು? ಆದುದರಿಂದ ವಿಶ್ವ ಒಕ್ಕೂಟ ಪದ್ಧತಿಗಳಿಗೆ ಹಸಿರು, ನೀಲಿ, ಕೆಂಪು, ಹಳದಿ ಎಂದು ಬಣ್ಣ ಹಚ್ಚಿತು. ಸಹಜವಾದುದು ಹಸಿರು, ಬಲವಾದ ಕಳಾವರಿನದು ನೀಲಿ, ಉಳಿದ ಕೃತಕ ಪದ್ಧತಿಗಳು ಕೆಂಪು, ಅತಿ ವಿಚಿತ್ರವಾದುವು ಹಳದಿ. ಹಳದಿಗೆ ಎಲ್ಲ ಸ್ಪರ್ಧೆಗಳಲ್ಲಿಯೂ ಪ್ರವೇಶವಿಲ್ಲ.

ಶಬ್ದಕ್ಕೆ ಹೊಸ ಅರ್ಥ ಕೊಡುವುದು ಮೋಸವೆಂದು ಕರ್ನಲ್ ಬುಲ್ಲರನಂಥವರು ಶಂಕಿಸಿದ್ದುಂಟು. ನನಗೆ ಹಾಗೆ ತೋರುವುದಿಲ್ಲ. ವೃದ್ಧಿಯೆಂದರೆ ಲೋಕದಲ್ಲಿ ಬೆಳವಣಿಗೆ. ಪಾಣಿನಿಯ ಶಾಸ್ತ್ರದಲ್ಲಿ ಆ, ಐ, ಔ ಎಂಬ ಮೂರು ಸ್ವರಗಳ ಹೆಸರು. ಇದಕ್ಕಿಂತ ಕೃತಕವಾದ ಸಂಕೇತ ಬೇಕೆ? ಆದರೆ ಪಾಣಿನಿ ಅದನ್ನು ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ತನ್ನ ಗ್ರಂಥದ ಮೊಟ್ಟಮೊದಲ ಸೂತ್ರದಲ್ಲಿಯೇ ಎಲ್ಲರಿಗೂ ಕೇಳುವಂತೆ ಹೇಳಿ ಮುಂದಕ್ಕೆ ಹೋದ. ಅರ್ಥವನ್ನು ಕಲ್ಪಿಸಬಹುದು, ಬಚ್ಚಿಡಬಾರದು. ಭಾಷೆ ಕಟ್ಟುವ ಉಳಿದ ಸೂತ್ರಗಳನ್ನು ಜಾಣರು ಕಾಲಕಾಲಕ್ಕೆ ತಿದ್ದಿದ್ದಾರೆ. ಈ ಒಂದನ್ನು ಮಾತ್ರ ಯಾರೂ ತಿದ್ದಲಿಲ್ಲ.

ಮರುದಿನ ಸಂಜೆ ನಾನು ಪೋಸ್ಟ್ ಮಾಸ್ತರರ ಹತ್ತಿರ ಹೋಗಿ, “ಆ ಮೌನಕ್ಕೆ ಸೂತ್ರವಿಲ್ಲ ಸ್ವಾಮಿ, ತಪ್ಪು ನನ್ನದು” ಎಂದೆ. ಅವರು ನಕ್ಕು ಎಲೆ ಕಲಸಿ ನನ್ನ ಮುಂದಿಟ್ಟರು. ಅಂದಿನಿಂದ ಜೊತೆಗಾರರು ಯೋಚಿಸತೊಡಗಿದರೆ ನಾನು ಕಿಟಕಿಯ ಕಡೆಗೆ ನೋಡುತ್ತ ಕುಳಿತುಬಿಡುತ್ತೇನೆ.